ಕೆಲಸಕ್ಕೆ ಬೇಕಾದಷ್ಟು ಸ್ಪ್ಯಾನಿಷ್ ಕಲಿಯುದು ಹೇಗೆ: ನಮ್ಮ ಕರಾವಳಿಯ ನರ್ಸ್, ಫಿಸಿಯೋ, ಶಿಪ್ಪಿನವರಿಗೆ ಸಮಗ್ರ ಮಾರ್ಗದರ್ಶಿ

ಇದು ಸ್ಪ್ಯಾನಿಷ್‌ನಲ್ಲಿ ಪಂಡಿತರಾಗ್ಬೇಕು ಅನ್ನುವವರಿಗೆ ಅಲ್ಲ. ದೇರಳಕಟ್ಟೆಯಲ್ಲೋ ಕಂಕನಾಡಿಯಲ್ಲೋ ಮಣಿಪಾಲದಲ್ಲೋ ನರ್ಸಿಂಗ್ ಮುಗಿಸಿ ಅಮೆರಿಕಕ್ಕೆ ಹೋಗ್ಲಿಕ್ಕೆ ಎನ್‌ಕ್ಲೆಕ್ಸ್ (ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ) ಓದ್ತಾ ಇರುವವರು, ಫಿಸಿಯೋ ಮುಗಿಸಿ ಅಲ್ಲಿಗೇ ಹೊರಟವರು, ಕ್ರೂಸ್ ಶಿಪ್ಪಲ್ಲಿ ಹೌಸ್‌ಕೀಪಿಂಗ್ ಅಥವಾ ಗ್ಯಾಲಿಗೆ (ಶಿಪ್ಪಿನ ಅಡುಗೆಮನೆ) ಹೋಗುವ ಹುಡುಗರು, ಬೆಂಗಳೂರಲ್ಲಿ ಭಾಷೆಯ ಪ್ರೊಸೆಸ್‌ಗೆ (ಫಾರಿನ್ ಕಸ್ಟಮರ್ ಹತ್ರ ಅವರದ್ದೇ ಭಾಷೆಯಲ್ಲಿ ವ್ಯವಹರಿಸುವ ಬಿಪಿಒ ಕೆಲಸ) ಸೇರುವ ಅಂತ ನೋಡ್ತಾ ಇರುವವರು, ಇವರು ದಿನಕ್ಕೆ ಅರ್ಧ ಗಂಟೆ ಕೊಟ್ಟು ಎಂತ ಮಾಡ್ಬಹುದು ಅಂತ ಹೇಳ್ಲಿಕ್ಕೆ ಬರೆದದ್ದು.

ಮೊದಲು ನಿಮಗೆ ಇದು ಬೇಕಾ ಅಂತ ನೋಡಿ. ಗಲ್ಫಿಗೆ ಹೋಗುವವರಾದ್ರೆ ಬೇಡ, ಅರಬ್ಬಿ ಕಲೀರಿ. ಜರ್ಮನಿಗೆ ಜರ್ಮನ್ನೇ ಬೇಕು. ಅಮೆರಿಕದಲ್ಲಿ ಮಾತ್ರ ಕತೆ ಬೇರೆ, ಅಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವವರು 4 ಕೋಟಿಗಿಂತ ಜಾಸ್ತಿ ಇದ್ದಾರೆ, ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಫ್ಲೋರಿಡಾದ ವಾರ್ಡಲ್ಲಿ ಇದು ದಿನಾ ಕಿವಿಗೆ ಬೀಳ್ತದೆ. ಲೈಸೆನ್ಸಿಗೆ ಬೇಡ, ಅಲ್ಲಿ ಎನ್‌ಕ್ಲೆಕ್ಸ್ ಇಂಗ್ಲಿಷಲ್ಲೇ, ಆದ್ರೆ ಬೆಡ್ಡಿನ ಪಕ್ಕ ನಿಂತಾಗ ಬೇಕು. ಸ್ಪೇನ್‌ನಲ್ಲೇ ಕೆಲಸ ಮಾಡ್ಬೇಕಿದ್ರೆ ಡಿಗ್ರಿ ಮಾನ್ಯತೆಯ ರಗಳೆ ಬೇರೆಯೇ ಉಂಟು, ಅದಕ್ಕೆ ಈ ಅರ್ಧ ಗಂಟೆ ಲೆಕ್ಕ ಸಾಲುದಿಲ್ಲ.

ಸಮಯದ ಅಂದಾಜು ಬೇಕಿದ್ರೆ, ಅಮೆರಿಕ ಸರ್ಕಾರದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ಅಧಿಕಾರಿಗಳಿಗೆ ಸ್ಪ್ಯಾನಿಷ್ ಕಲಿಸ್ಲಿಕ್ಕೆ ಸುಮಾರು 600ರಿಂದ 750 ಕ್ಲಾಸ್ ಗಂಟೆ ಇಟ್ಟುಕೊಳ್ತದೆ. ಅದು ಆಫೀಸು ಕೆಲಸ ಪೂರ್ತಿ ಆ ಭಾಷೆಯಲ್ಲೇ ನಡೆಸುವವರ ಲೆವೆಲ್ಲು. ನಮಗೆ ಬೇಕಾದ್ದು ಅದರ ಒಂದು ಮೂಲೆ.

ಆ ಮೂಲೆ ಯಾವುದು?

ನಮ್ಮ ಊರಿನ ಆಸ್ಪತ್ರೆಗಳಲ್ಲಿ ಕೇರಳದಿಂದ ಬಂದ ನರ್ಸಿಂಗ್ ಸ್ಟೂಡೆಂಟ್ಸ್ ತುಳು ಕಲಿಯುದನ್ನು ನೋಡಿದ್ದೀರಲ್ಲ. ಬಂದ ಹೊಸತರಲ್ಲಿ ‘ಓಲು ಬೇನೆ?’ (ಎಲ್ಲಿ ನೋವು) ಅಂತ ಒಂದು ವಾಕ್ಯ ಬಾಯಿಪಾಠ ಮಾಡಿ ಅಜ್ಜಿಯ ಹತ್ರ ಕೇಳ್ತಾರೆ, ಅಜ್ಜಿ ಶುರು ಮಾಡ್ತಾರೆ ನೋಡಿ, ಗದ್ದೆಯಲ್ಲಿ ಜಾರಿದ್ದು, ಮಗ ಬೊಂಬಾಯಿಯಲ್ಲಿರುದು, ಸೊಸೆ ಫೋನ್ ಮಾಡದ್ದು ಎಲ್ಲ ಬರ್ತದೆ, ಹುಡುಗಿಗೆ ಒಂದಕ್ಷರ ಅರ್ಥ ಆಗುದಿಲ್ಲ. ಸ್ವಲ್ಪ ದಿನದಲ್ಲಿ ವಾರ್ಡಿನ ಸಿಸ್ಟರ್ ಹೇಳಿಕೊಡ್ತಾರೆ, ಹಾಗೆ ಕೇಳ್ಬೇಡ, ಕೈ ಇಟ್ಟು ‘ಮುಲ್ಪನಾ?’, ಇಲ್ಲಿಯಾ ಅಂತ ಕೇಳು. ‘ಬೇನೆ ಉಂಡಾ?’, ನೋವು ಉಂಟಾ ಅಂತ ಕೇಳು. ಉಂಡು (ಉಂಟು) ಅಥವಾ ಇಜ್ಜಿ (ಇಲ್ಲ), ಎರಡೇ ಉತ್ತರ. ‘ಏತ್ ದಿನ ಆಂಡ್?’, ಎಷ್ಟು ದಿನ ಆಯ್ತು ಅಂದ್ರೆ ಒಂದು ನಂಬರ್ ಬರ್ತದೆ, ಬೆರಳಾದ್ರೂ ತೋರಿಸ್ತಾರೆ.

ಸ್ಪ್ಯಾನಿಷ್‌ಗೂ ಇದೇ ದಾರಿ. ಉತ್ತರ ಅರ್ಥ ಆಗುವಂಥ ಪ್ರಶ್ನೆ ಮಾತ್ರ ಕಲೀರಿ. ಆ್ಯಪ್‌ಗಳು, ಫ್ರೇಸ್‌ಬುಕ್ಕುಗಳು ಚೆಂದಚೆಂದದ ಪ್ರಶ್ನೆ ಕಲಿಸ್ತವೆ, ನೀವು ಒಳ್ಳೆ ಉಚ್ಚಾರದಲ್ಲಿ ಕೇಳಿಬಿಡ್ತೀರಿ, ಎದುರಿನವರು ಓ ಇವರಿಗೆ ಗೊತ್ತುಂಟು ಅಂತ ಫುಲ್ ಸ್ಪೀಡಲ್ಲಿ ಶುರು ಮಾಡ್ತಾರೆ, ಆಮೇಲೆ ನಿಮ್ಮ ಗತಿ ಮೇಲೆ ಹೇಳಿದ ಹುಡುಗಿಯದ್ದೇ.

ಹಂತ 1: ನಿಮ್ಮ ಒಂದು ಶಿಫ್ಟನ್ನು ಕನ್ನಡದಲ್ಲಿ ಬರೀರಿ

ಆ್ಯಪ್ ಆಮೇಲೆ. ಒಂದು ನೋಟ್‌ಬುಕ್ ತಗೊಂಡು ಡ್ಯೂಟಿಗೆ ಹೋದಲ್ಲಿಂದ ಹ್ಯಾಂಡೋವರ್ ಕೊಡುವವರೆಗೆ ರೋಗಿಯ ಹತ್ರ ನೀವು ಎಂತೆಲ್ಲ ಹೇಳ್ತೀರಿ ಅಂತ ಬರೀರಿ. ಬೀಪಿ ನೋಡ್ತೇನೆ, ಕೈ ಚಾಚಿ, ಅಲುಗಾಡ್ಬೇಡಿ, ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಬಾತ್‌ರೂಮಿಗೆ ಹೋಗ್ಬೇಕಾ. ನೀವೇ ಆಶ್ಚರ್ಯ ಪಡ್ತೀರಿ, ತಿರುಗಿ ತಿರುಗಿ ಅವೇ ಮಾತು. ಶಿಪ್ಪಿನವರು ಕ್ಯಾಬಿನ್ ಬಾಗಿಲು ತಟ್ಟಿದಲ್ಲಿಂದ ಶುರು ಮಾಡಿ. ಈ ಪಟ್ಟಿಯೇ ನಿಮ್ಮ ಸಿಲೆಬಸ್ಸು, ಇದರಲ್ಲಿ ಇಲ್ಲದ ಹಣ್ಣು, ಬಣ್ಣ, ಮೃಗಾಲಯದ ಪ್ರಾಣಿಗಳ ಹೆಸರು ಸದ್ಯಕ್ಕೆ ಬೇಡ, ಎಷ್ಟೋ ಜನ ಆನೆ ಜಿರಾಫೆ ಎಲ್ಲ ಕಲಿತು ‘ಮಂಡಿ’ಗೆ ಎಂತ ಹೇಳುದು ಗೊತ್ತಿಲ್ಲದೆ ಕೂತಿರ್ತಾರೆ.

ಹಂತ 2: ಕನ್ನಡ ಅಕ್ಷರದಲ್ಲಿ ಉಚ್ಚಾರ ಕೂರಿಸಿ

ಇದರಲ್ಲಿ ನಮಗೆ ಲಾಟರಿ ಹೊಡೆದ ಹಾಗೆ. ಸ್ಪ್ಯಾನಿಷ್‌ಗೆ ಇರುದು ಐದೇ ಸ್ವರ, ಅ ಎ ಇ ಒ ಉ, ಎಲ್ಲ ಕಡೆ ಅದೇ ಸದ್ದು, ಇಂಗ್ಲಿಷಿನ ಹಾಗೆ ಒಂದೊಂದು ಪದಕ್ಕೆ ಒಂದೊಂದು ನಾಟಕ ಇಲ್ಲ. ತ, ದ ಎರಡೂ ನಮ್ಮ ತ, ದ ಹಾಗೆ ಹಲ್ಲಿಗೆ ನಾಲಿಗೆ ತಾಗಿಸಿಯೇ ಹೇಳುದು. ಆದ್ರೆ ನಾವು ಇಂಗ್ಲಿಷ್ ಅಕ್ಷರ ನೋಡಿದ ಕೂಡ್ಲೆ ಟ, ಡ ಅಂತೇವೆ, ಅಭ್ಯಾಸ. ಅದಕ್ಕೇ ಕನ್ನಡದಲ್ಲಿ ಬರೆದುಕೊಳ್ಳಿ ಅನ್ನುದು. ಪ, ಕ ಕೂಡ ಉಸಿರು ಬಿಡದೆ ನಮ್ಮ ಹಾಗೇ.

ಉಳಿದ ನಿಯಮ ಕಡಿಮೆ. ಎಚ್ ಬರೀತಾರೆ, ಹೇಳುದಿಲ್ಲ. ಜೆ ಇದ್ರೆ ಹ, ಗಂಟಲಿಂದ ಸ್ವಲ್ಪ ಗಟ್ಟಿಯಾಗಿ. ಎರಡು ಎಲ್ ಒಟ್ಟಿಗೆ ಬಂದ್ರೆ ಹೆಚ್ಚಿನ ಕಡೆ ಯ. ಎನ್ ಮೇಲೆ ಅಲೆ ಇದ್ರೆ ನ್ಯ. ವಿ ಮತ್ತು ಬಿ ಎರಡೂ ಬ. ಎರಡು ಆರ್ ಬಂದ್ರೆ ರ್ರ ಅಂತ ನಾಲಿಗೆ ಗಡಗಡ ಮಾಡ್ಬೇಕು. ಸಿ ಮುಂದೆ ಅ, ಒ, ಉ ಬಂದ್ರೆ ಕ. ಮುಂದೆ ಎ, ಇ ಬರುವ ಸಿ ಮತ್ತು ಝೆಡ್ ಸ್ಪೇನ್‌ನ ಹೆಚ್ಚಿನ ಕಡೆ ನಾಲಿಗೆ ಹಲ್ಲಿನ ಮಧ್ಯೆ ಇಟ್ಟು ಹೇಳುವ ಸದ್ದು, ಲ್ಯಾಟಿನ್ ಅಮೆರಿಕದಲ್ಲಿ ಸೀದಾ ಸ. ಅಮೆರಿಕಕ್ಕೋ ಶಿಪ್ಪಿಗೋ ಹೋಗುವವರು ಕಣ್ಣುಮುಚ್ಚಿ ಸ ಇಟ್ಟುಕೊಳ್ಳಿ.

ಒತ್ತು ಮಾತ್ರ ಬಿಡ್ಬೇಡಿ. ಪದ ಸ್ವರದಲ್ಲೋ ನ್, ಸ್‌ನಲ್ಲೋ ಮುಗಿದ್ರೆ ಕೊನೆಯಿಂದ ಎರಡನೇ ಉಚ್ಚಾರಕ್ಕೆ ಒತ್ತು, ಇಲ್ಲದ್ರೆ ಕೊನೆಯದಕ್ಕೆ, ಎಲ್ಲಾದ್ರೂ ಅಕ್ಷರದ ಮೇಲೆ ಗೆರೆ ಇದ್ರೆ ಅಲ್ಲಿಗೇ. ಪಾಪ ಅಂದ್ರೆ ಬಟಾಟೆ, ಪಪಾ ಅಂದ್ರೆ ಅಪ್ಪ. ಒತ್ತು ಇರುವಲ್ಲಿ ಹೀಗೆ ದೀರ್ಘ ಹಾಕಿ ಬರೆದುಕೊಳ್ಳಿ, ಕೆಳಗೆ ನಾನೂ ಹಾಗೆಯೇ ಬರೆದದ್ದು. ಕೇಳುವಾಗ ಅಷ್ಟು ಉದ್ದ ಇರುದಿಲ್ಲ, ಜೋರು ಮಾತ್ರ, ಒಮ್ಮೆ ಆಡಿಯೋ ಹಾಕಿ ಸರಿ ಮಾಡಿಕೊಳ್ಳಿ.

ಹಂತ 3: ಉತ್ತರ ಸಣ್ಣದಾಗಿ ಬರುವ ಪ್ರಶ್ನೆಗಳು

‘ದೋಂದೆ ಲೆ ದ್ವೇಲೆ?’ ಅಂದ್ರೆ ಎಲ್ಲಿ ನೋವು. ಎಲ್ಲ ಪುಸ್ತಕದಲ್ಲೂ ಮೊದಲಿಗೇ ಇರ್ತದೆ, ನನಗೆ ಇದು ಅಷ್ಟು ಇಷ್ಟ ಇಲ್ಲ. ಇದನ್ನು ಕೇಳಿದ ಕೂಡ್ಲೆ ‘ಸೆನ್ಯಾಲೆ’ ಅಂತ ಸೇರಿಸಿ, ತೋರಿಸಿ ಅಂತ ಅರ್ಥ, ಅವಾಗ ಬಾಯಿಯ ಬದಲು ಬೆರಳು ಉತ್ತರ ಕೊಡ್ತದೆ. ಇಲ್ಲದ್ರೆ ಮುಟ್ಟಿ ‘ಲೆ ದ್ವೇಲೆ ಅಕೀ?’, ಇಲ್ಲಿ ನೋಯ್ತದಾ? ಸೀ ಅಥವಾ ನೋ.

ನಂಬರ್ ಬರುವಂಥದ್ದು: ‘ದೆಲ್ ಊನೊ ಅಲ್ ದಿಯೇಸ್, ಕ್ವಾಂತೊ ಲೆ ದ್ವೇಲೆ?’ ಒಂದರಿಂದ ಹತ್ತರೊಳಗೆ ಎಷ್ಟು ನೋವು. ‘ಕ್ವಾಂತೊಸ್ ದೀಯಸ್?’ ಎಷ್ಟು ದಿನ ಆಯ್ತು.

ಎರಡರಲ್ಲಿ ಒಂದು ಆರಿಸುವಂಥದ್ದು: ‘ಓಯ್ ಒ ಅಯೇರ್?’ ಇವತ್ತಾ ನಿನ್ನೆಯಾ. ‘ಮೆಹೋರ್ ಒ ಪೆಓರ್?’ ಈಗ ಹುಷಾರಾ, ಇನ್ನೂ ಹಾಳಾ. ಇವು ಬಹಳ ಉಪಯೋಗಕ್ಕೆ ಬರ್ತವೆ, ಯಾಕಂದ್ರೆ ಉತ್ತರದ ಪದವನ್ನು ನೀವೇ ಪ್ರಶ್ನೆಯಲ್ಲಿ ಇಟ್ಟುಬಿಟ್ಟಿದ್ದೀರಿ, ಅದೇ ತಿರುಗಿ ಬರ್ತದೆ.

ಇದೆಯಾ ಅಂತ ಕೇಳ್ಲಿಕ್ಕೆ ‘ತಿಯೇನೆ’ ಒಂದು ಸಾಕು. ತಿಯೇನೆ ಫಿಯೇಬ್ರೆ, ಜ್ವರ ಉಂಟಾ. ತಿಯೇನೆ ತೋಸ್, ಕೆಮ್ಮು ಉಂಟಾ. ತಿಯೇನೆ ದಿಯಬೇತೆಸ್ ಬೇರೆ ಹೇಳ್ಬೇಕಾ. ಅಲರ್ಜಿಗೆ ಗಂಡಸರ ಹತ್ರ ‘ಎಸ್ ಅಲೇರ್ಹಿಕೊ’, ಹೆಂಗಸರ ಹತ್ರ ‘ಎಸ್ ಅಲೇರ್ಹಿಕ’, ಮುಂದೆ ‘ಅ ಲ ಪೆನಿಸಿಲೀನ?’ ಅಂತ ಒಂದೊಂದೇ ಔಷಧಿ ಹೆಸರು ಹಾಕಿ. ಯಾವುದಕ್ಕೆಲ್ಲ ಅಲರ್ಜಿ ಅಂತ ಓಪನ್ ಆಗಿ ಕೇಳುವ ಕೆಲಸ ಇಂಟರ್‌ಪ್ರಿಟರ್‌ದ್ದು, ಅದಕ್ಕೆ ಆಮೇಲೆ ಬರ್ತೇನೆ.

ಇದರೊಟ್ಟಿಗೆ ‘ಮಾಸ್ ದೆಸ್ಪಾಸಿಯೊ, ಪೊರ್ ಫಬೋರ್’, ಸ್ವಲ್ಪ ನಿಧಾನ, ಮತ್ತೆ ‘ಓತ್ರ ಬೇಸ್’, ಇನ್ನೊಮ್ಮೆ. ಇವೆರಡು ನಿದ್ದೆಯಲ್ಲೂ ಬಾಯಿಗೆ ಬರ್ಬೇಕು.

ಹಂತ 4: ಗ್ರಾಮರನ್ನು ಇಂಗ್ಲಿಷಿಂದ ಅಲ್ಲ, ಕನ್ನಡದಿಂದ ಹಿಡೀರಿ

ಇಲ್ಲಿ ಸ್ವಲ್ಪ ಉದ್ದ ಹೇಳ್ತೇನೆ ಯಾಕಂದ್ರೆ ಸಿಗುವ ಪುಸ್ತಕಗಳು ಇಂಗ್ಲಿಷಿನವರಿಗೆ ಬರೆದದ್ದು, ಅವರಿಗೆ ಕಷ್ಟ ಆದದ್ದನ್ನು ನಮಗೂ ಕಷ್ಟ ಅಂತ ಹೆದರಿಸ್ತವೆ.

ರೋಗಿ ‘ಮೆ ದ್ವೇಲೆ ಲ ಕಬೇಸ’ ಅಂತಾರೆ. ಮೆ ಅಂದ್ರೆ ನನಗೆ, ದ್ವೇಲೆ ನೋಯ್ತದೆ, ಕಬೇಸ ತಲೆ. ನನಗೆ ತಲೆ ನೋಯ್ತದೆ. ನಮ್ಮದೇ ವಾಕ್ಯ! ನನ್ನ ತಲೆ ಅಂತ ಕೂಡ ಹೇಳುದಿಲ್ಲ, ಬರೀ ತಲೆ, ನಮ್ಮ ಹಾಗೇ. ಇಂಗ್ಲಿಷಿನವರು ಇದಕ್ಕೆ ಒಂದು ಇಡೀ ಚಾಪ್ಟರ್ ಓದ್ತಾರೆ. ಮೆ ಜಾಗದಲ್ಲಿ ಲೆ ಹಾಕಿದ್ರೆ ನಿಮಗೆ, ಅವರಿಗೆ. ಆಮೇಲೆ ಅಂಗದ ಹೆಸರು ಬದಲಿಸ್ತಾ ಹೋಗಿ: ಎಲ್ ಪೇಚೊ ಎದೆ, ಲ ಎಸ್ಪಾಲ್ದ ಬೆನ್ನು, ಲ ಬರ್ರೀಗ ಹೊಟ್ಟೆ, ಲ ರೊದೀಯ ಮಂಡಿ, ಲ ಗರ್ಗಾಂತ ಗಂಟಲು. ಇದೇ ಅಚ್ಚಲ್ಲಿ ಮೆ ಆರ್ದೆ, ನನಗೆ ಉರೀತದೆ. ಮೆ ಪೀಕ, ತುರಿಸ್ತದೆ. ಮೆ ಫಾಲ್ತ ಎಲ್ ಆಯ್ರೆ, ಉಸಿರು ಸಾಲ್ತಾ ಇಲ್ಲ. ಇವು ನೀವು ಹೇಳುವ ಮಾತಲ್ಲ, ಕೇಳಿಸಿಕೊಳ್ಬೇಕಾದ ಮಾತು. ಕೊನೆಯದ್ದು ಮತ್ತೆ ‘ನೊ ಪ್ವೇದೊ ರೆಸ್ಪಿರಾರ್’ ಕಿವಿಗೆ ಬಿದ್ರೆ ಡಿಕ್ಷನರಿ ಹುಡುಕ್ತಾ ನಿಲ್ಲುದಲ್ಲ, ಓಡುದು.

ನೀವು ನೀನು ಗಲಾಟೆಯೂ ನಮಗೆ ಇಲ್ಲ. ಉಸ್ತೇದ್ ಅಂದ್ರೆ ನೀವು, ತೂ ಅಂದ್ರೆ ನೀನು. ರೋಗಿ, ಗೆಸ್ಟ್, ಕಸ್ಟಮರ್ ಎಲ್ಲರಿಗೂ ಉಸ್ತೇದ್ ರೂಪವೇ, ಸಣ್ಣ ಮಕ್ಕಳಿಗೆ ಮಾತ್ರ ತೂ. ಕ್ರಿಯಾಪದದಲ್ಲೇ ಯಾರು ಅಂತ ಗೊತ್ತಾಗ್ತದೆ, ನಾನು ನೀವು ಬಿಟ್ಟು ‘ಬರ್ತೇನೆ, ಬರ್ತೀರಾ’ ಅಂದ ಹಾಗೆ.

ಇರುದಕ್ಕೆ ಎರಡು ಪದ ಉಂಟು, ಎಸ್ ಮತ್ತು ಎಸ್ತಾ, ಅದರಲ್ಲಿ ಎಲ್ಲರೂ ಮುಗ್ಗರಿಸುದು. ನನ್ನ ಹತ್ರ ಇರುವ ಸುಲಭದ ದಾರಿ ಇದು: ಕನ್ನಡದಲ್ಲಿ ಏನೂ ಕ್ರಿಯಾಪದ ಬೇಡದ ಕಡೆ, ‘ಅವರು ಡಾಕ್ಟರ್’ ಅಂತ, ಅಲ್ಲಿ ಎಸ್. ‘ಇದ್ದಾರೆ’ ಬೇಕೇ ಬೇಕು ಅನ್ನುವ ಕಡೆ, ‘ವಾರ್ಡಲ್ಲಿ ಇದ್ದಾರೆ’, ‘ಹುಷಾರಿಲ್ಲದೆ ಇದ್ದಾರೆ’ ಅಂತ, ಅಲ್ಲಿ ಎಸ್ತಾ. ನೂರಕ್ಕೆ ನೂರು ಅಲ್ಲ, ವಾರ್ಡ್ ನಡೀತದೆ.

ಮಾಡುವ ಮೊದಲು ಹೇಳುದು ನರ್ಸಿನ ಅರ್ಧ ಮಾತು. ಅದಕ್ಕೆ ‘ಲೆ ಬೊಯ್ ಅ’ ಅಂತ ಇಟ್ಟು ಮುಂದೆ ಕೆಲಸದ ಹೆಸರು ಅಂಟಿಸಿ. ತೊಮಾರ್ ಲ ಪ್ರೆಸಿಯೋನ್ ಅಂದ್ರೆ ಬೀಪಿ ನೋಡ್ತೇನೆ, ಸಕಾರ್ ಸಾಂಗ್ರೆ ರಕ್ತ ತೆಗೀತೇನೆ, ಪೊನೇರ್ ಉನ ಇನ್ಯೆಕ್ಸಿಯೋನ್ ಇಂಜೆಕ್ಷನ್ ಕೊಡ್ತೇನೆ. ಭೂತ ಭವಿಷ್ಯತ್ ಟೇಬಲ್ ಎಲ್ಲ ಬಾಯಿಪಾಠ ಮಾಡುವ ಅಗತ್ಯ ಈಗ ಇಲ್ಲ.

ಫಿಸಿಯೋದವರಿಗೆ ಆಜ್ಞೆಯ ರೂಪ ಮುಖ್ಯ. ಸಿಯೇಂತೆಸೆ ಕೂತ್ಕೊಳ್ಳಿ, ಅಕ್ವೇಸ್ತೆಸೆ ಮಲಕ್ಕೊಳ್ಳಿ, ಲೆಬಾಂತೆ ಎಲ್ ಬ್ರಾಸೊ ಕೈ ಎತ್ತಿ, ಅಪ್ರಿಯೇತೆ ಮಿ ಮಾನೊ ನನ್ನ ಕೈ ಗಟ್ಟಿ ಹಿಡೀರಿ, ರೆಸ್ಪೀರೆ ಪ್ರೊಫೂಂದೊ ಉಸಿರು ಎಳೀರಿ, ನೊ ಸೆ ಮ್ವೇಬ ಅಲುಗಾಡ್ಬೇಡಿ. ಹೇಳಿದ್ದನ್ನೇ ಮಾಡಿ ತೋರಿಸಿದ್ರೆ ಉಚ್ಚಾರ ಆಚೆ ಈಚೆ ಆದ್ರೂ ನಡೀತದೆ.

ಹಂತ 5: ನಂಬರ್, ಇಲ್ಲಿ ಉದಾಸೀನ ಬೇಡ

ದೋಸ್ ಅಂದ್ರೆ 2. ದೋಸೆ ಅಂದ್ರೆ 12. ಉಡುಪಿಯವರು ನಕ್ಕು ಮುಗಿಸಿ ಆಮೇಲೆ ಮುಂದೆ ಓದಿ. ತ್ರೇಸ್ 3, ತ್ರೇಸೆ 13. ಸೆಸೇಂತ 60, ಸೆತೇಂತ 70. ಫೋನಲ್ಲೋ ಗಲಾಟೆಯ ವಾರ್ಡಲ್ಲೋ ಇವು ಒಂದಕ್ಕೊಂದು ಕಲಸಿಹೋಗ್ತವೆ, ಡೋಸ್ ವಿಷಯದಲ್ಲಿ ಯಾವಾಗ್ಲೂ ಬರೆದು ತೋರಿಸಿ. ಇನ್ನೊಂದು ಅಪಾಯ, ದಿನಕ್ಕೆ ಒಂದು ಸಲ ಅನ್ನುವ ಇಂಗ್ಲಿಷಿನ ‘ವನ್ಸ್’ ಪದದ ಸ್ಪೆಲ್ಲಿಂಗೇ ಸ್ಪ್ಯಾನಿಷಲ್ಲಿ 11ಕ್ಕೆ, ಅವರು ಅದನ್ನು ಓನ್ಸೆ ಅಂತ ಓದ್ತಾರೆ. ಮಾತ್ರೆಯ ಲೇಬಲ್ ಇಂಗ್ಲಿಷಲ್ಲಿ ಕೊಟ್ಟು ಮನೆಗೆ ಕಳಿಸಿದ್ರೆ ದಿನಕ್ಕೆ ಹನ್ನೊಂದು ಅಂತ ಅರ್ಥ ಮಾಡಿಕೊಳ್ಳುವ ಸಾಧ್ಯತೆ ಉಂಟು.

ಕಾದ ಓಚೊ ಓರಸ್ ಅಂದ್ರೆ ಎಂಟು ಗಂಟೆಗೊಮ್ಮೆ. ಆಂತೆಸ್ ದೆ ಕೊಮೇರ್ ಊಟಕ್ಕೆ ಮೊದಲು, ದೆಸ್ಪ್ವೇಸ್ ದೆ ಕೊಮೇರ್ ಊಟದ ನಂತರ, ಎನ್ ಅಯೂನಸ್ ಖಾಲಿ ಹೊಟ್ಟೆಗೆ. ದಶಮಾಂಶಕ್ಕೆ ಸ್ಪೇನ್‌ನವರು ಸಾಮಾನ್ಯವಾಗಿ ಚುಕ್ಕಿ ಬದಲು ಕೊಮಾ ಹಾಕ್ತಾರೆ, ಮೆಕ್ಸಿಕೋದವರು ನಮ್ಮ ಹಾಗೆ ಚುಕ್ಕಿ.

ಹಂತ 6: ಕಿವಿ

ಬಾಯಿಗಿಂತ ಕಿವಿ ನಿಧಾನ, ಅದಕ್ಕೆ ದಿನದ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಕೇಳ್ಲಿಕ್ಕೇ ಕೊಡಿ. ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಅಂತ ಒಂದು ಫ್ರೀ ಆಡಿಯೋ ಕೋರ್ಸ್ ಉಂಟು, ಇಂಗ್ಲಿಷ್ ಮೂಲಕ ಕಲಿಸುದು, ಸ್ಟೇಟ್‌ಬ್ಯಾಂಕಿಂದ ಸುರತ್ಕಲ್ ಬಸ್ಸಲ್ಲಿ ಕೂತು ಕೇಳ್ಲಿಕ್ಕೆ ಅಡ್ಡಿಯಿಲ್ಲ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಮೆಡ್‌ಲೈನ್‌ಪ್ಲಸ್‌ನಲ್ಲಿ ಕಾಯಿಲೆಗಳ ಬಗ್ಗೆ ಇಂಗ್ಲಿಷಲ್ಲೂ ಸ್ಪ್ಯಾನಿಷಲ್ಲೂ ಪುಟಗಳು ಸಿಗ್ತವೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ವಿಷಯ ನಿಮಗೆ ಮೊದಲೇ ಗೊತ್ತಿರುದ್ರಿಂದ ಪದಗಳು ಸುಲಭದಲ್ಲಿ ಕೂರ್ತವೆ. ಆಂಕಿ ಅಂತ ಕಾರ್ಡ್ ತಿರುಗಿಸಿ ಬಾಯಿಪಾಠ ಮಾಡಿಸುವ ಆ್ಯಪ್‌ನಲ್ಲಿ, ಆಂಡ್ರಾಯ್ಡಿಗೆ ಫ್ರೀ, ನಿಮ್ಮ ಹಂತ 1ರ ವಾಕ್ಯಗಳನ್ನು ಮಾತ್ರ ಕಾರ್ಡ್ ಮಾಡಿ, ಬೇರೆಯವರ ರೆಡಿಮೇಡ್ ಐದು ಸಾವಿರ ಪದದ ಡೆಕ್ ಡೌನ್‌ಲೋಡ್ ಮಾಡಿ ಗುಡ್ಡೆ ಹಾಕಿಕೊಳ್ಬೇಡಿ.

ಉಳಿದ ಹತ್ತು ನಿಮಿಷ ಬಾಯಿಬಿಟ್ಟು ಹೇಳುದು. ಹಾಸ್ಟೆಲ್ ರೂಮ್‌ಮೇಟ್ ರೋಗಿ, ನೀವು ನರ್ಸ್, ಮರುದಿನ ಉಲ್ಟಾ. ಕೊಂಕಣಿ ಮಾತಾಡುವ ಕ್ರಿಶ್ಚನ್ ಮನೆಯವರಿಗೆ ಪೋರ್ಚುಗೀಸಿಂದ ಬಂದ ಪದಗಳು ಮನೆಯಲ್ಲೇ ಇರ್ತವೆ, ಕೆಲವು ಸ್ಪ್ಯಾನಿಷ್ ಪದ ಕೇಳಿದ ಹಾಗೆ ಅನ್ನಿಸ್ತದೆ, ಆದ್ರೆ ಅದನ್ನೇ ನಂಬಿ ಕೂತ್ಕೊಳ್ಬೇಡಿ, ಅದು ಬೇರೆ ಭಾಷೆ, ಬ್ರೆಜಿಲ್‌ನವರ ಹತ್ರ ಸ್ಪ್ಯಾನಿಷ್ ಶುರು ಮಾಡಿದ್ರೆ ಅವರಿಗೂ ಅಷ್ಟು ಖುಷಿ ಆಗುದಿಲ್ಲ.

ದೇಶ ಬದಲಾದ ಹಾಗೆ ಪದವೂ ಬದಲಾಗ್ತದೆ. ಕಂಬಳಿಗೆ ಮೆಕ್ಸಿಕೋದಲ್ಲಿ ಕೊಬೀಹ, ಸ್ಪೇನ್‌ನಲ್ಲಿ ಮಾಂತ. ಬೆಡ್‌ಪ್ಯಾನ್‌ಗೆ ಮೆಕ್ಸಿಕೋದಲ್ಲಿ ಕೋಮೊದೊ, ಸ್ಪೇನ್‌ನಲ್ಲಿ ಕೂನ್ಯ. ಎಲ್ಲ ಕಲೀಲಿಕ್ಕೆ ಹೋಗ್ಬೇಡಿ, ವಸ್ತು ಎತ್ತಿ ತೋರಿಸಿ. ಮತ್ತೆ ಮೆಕ್ಸಿಕೋ ಕಡೆಯ ಅಜ್ಜ ಅಜ್ಜಿಯಂದಿರು ‘ದೊಲೊರ್ಸೀತೊ’, ಸಣ್ಣದೊಂದು ನೋವು ಅಂತ ಮೆತ್ತಗೆ ಹೇಳಿದ್ರೆ ಸಣ್ಣದು ಅಂತ ಚಾರ್ಟಲ್ಲಿ ಬರೀಬೇಡಿ. ಒಂದರಿಂದ ಹತ್ತು ಕೇಳಿ.

ಹಂತ 7: ಎಲ್ಲಿ ನಿಲ್ಲಿಸ್ಬೇಕು

ಇದು ಬಾಕಿ ಎಲ್ಲಕ್ಕಿಂತ ಮುಖ್ಯ ಮಾರಾಯ್ರೆ. ಕನ್ಸೆಂಟ್, ರೋಗದ ವಿವರ, ಔಷಧಿ ಬದಲಾವಣೆ, ಡಿಸ್‌ಚಾರ್ಜ್ ಸೂಚನೆ, ಇವಕ್ಕೆ ನಿಮ್ಮ ಸ್ಪ್ಯಾನಿಷ್ ಬೇಡ. ಅಮೆರಿಕದಲ್ಲಿ 2010ರ ಅಫೋರ್ಡೆಬಲ್ ಕೇರ್ ಆ್ಯಕ್ಟ್‌ನ ಸೆಕ್ಷನ್ 1557 ಪ್ರಕಾರ ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಅರ್ಹ ಇಂಟರ್‌ಪ್ರಿಟರ್‌ನ್ನು ರೋಗಿಗೆ ಖರ್ಚಿಲ್ಲದೆ ಒದಗಿಸ್ಬೇಕು, ಎಮರ್ಜೆನ್ಸಿ ಬಿಟ್ಟು ಮನೆಯ ಮಕ್ಕಳನ್ನು ಆ ಕೆಲಸಕ್ಕೆ ಎಳೀಲಿಕ್ಕಿಲ್ಲ. ನಿಮಗೆ ನಾಲ್ಕು ಮಾತು ಬರ್ತದೆ ಅಂತ ಗೊತ್ತಾದ ಕೂಡ್ಲೆ ಯಾರಾದ್ರೂ ಸ್ವಲ್ಪ ಬಾ, ಟ್ರಾನ್ಸ್‌ಲೇಟ್ ಮಾಡು ಅಂತಾರೆ. ಆಗುದಿಲ್ಲ ಅಂತ ಮರ್ಯಾದೆಯಲ್ಲಿ ಹೇಳಿ.

1980ರಲ್ಲಿ ಫ್ಲೋರಿಡಾದಲ್ಲಿ 18 ವರ್ಷದ ಹುಡುಗನನ್ನು ಆಸ್ಪತ್ರೆಗೆ ತಂದಾಗ ಮನೆಯವರು ‘ಇಂತೊಕ್ಸಿಕಾದೊ’ ಅಂದ್ರು, ತಿಂದದ್ದು ಏನೋ ಆಗಿಬರಲಿಲ್ಲ ಅನ್ನುವ ಅರ್ಥದಲ್ಲಿ. ಡ್ರಗ್ಸ್ ಓವರ್‌ಡೋಸ್ ಅಂತ ತಿಳಕೊಂಡು ಚಿಕಿತ್ಸೆ ಮಾಡಿದ್ರು, ನಿಜಕ್ಕೂ ಇದ್ದದ್ದು ಮೆದುಳಿನಲ್ಲಿ ರಕ್ತಸ್ರಾವ, ಗೊತ್ತಾಗುವಾಗ ತಡ ಆಗಿತ್ತು, ಕೈಕಾಲು ನಾಲ್ಕರ ಸ್ವಾಧೀನವೂ ಹೋಯ್ತು. ಸುಮಾರು 7.1 ಕೋಟಿ ಡಾಲರ್ ಪರಿಹಾರದ ಸೆಟಲ್‌ಮೆಂಟ್ ಆದ ಕೇಸ್ ಅದು.

ಹಾಗಾಗಿ ‘ಬೊಯ್ ಅ ಯಮಾರ್ ಅಲ್ ಇಂತೇರ್ಪ್ರೆತೆ’, ಇಂಟರ್‌ಪ್ರಿಟರ್‌ನ್ನು ಕರೀತೇನೆ ಅನ್ನುದನ್ನು ಮೊದಲ ವಾರದಲ್ಲೇ ಕಲೀರಿ. ಫೋನಿಗೋ ಸ್ಕ್ರೀನಿಗೋ ಇಂಟರ್‌ಪ್ರಿಟರ್ ಬಂದ ಮೇಲೆ ಅದನ್ನು ನೋಡಿ ಮಾತಾಡ್ಬೇಡಿ, ರೋಗಿಯ ಮುಖ ನೋಡಿ. ‘ಅವರಿಗೆ ನೋವು ಉಂಟಾ ಕೇಳಿ’ ಅಲ್ಲ, ‘ನಿಮಗೆ ನೋವು ಉಂಟಾ’ ಅಂತ ಸೀದಾ ಕೇಳಿ. ಒಂದೆರಡು ವಾಕ್ಯಕ್ಕೆ ನಿಲ್ಲಿಸಿ.

ಬೇರೆ ಕೆಲಸದವರಿಗೆ

ಶಿಪ್ಪಿನ ಹೌಸ್‌ಕೀಪಿಂಗ್‌ಗೆ ತೊಆಯ ಟವೆಲ್, ಅಲ್ಮೊಆದ ದಿಂಬು, ‘ಪ್ವೇದೊ ಲಿಂಪಿಯಾರ್?’ ಕ್ಲೀನ್ ಮಾಡ್ಬಹುದಾ. ಮಸ್ಟರ್ ಡ್ರಿಲ್ಲಿಗೆ (ಎಮರ್ಜೆನ್ಸಿಯಲ್ಲಿ ಎಲ್ಲಿ ಸೇರ್ಬೇಕು ಅಂತ ಶಿಪ್ಪಲ್ಲಿ ಮಾಡಿಸುವ ಅಭ್ಯಾಸ) ಚಲೇಕೊ ಸಲ್ಬಬೀದಸ್ ಲೈಫ್ ಜಾಕೆಟ್, ಪೊರ್ ಅಕೀ ಈ ಕಡೆ. ಈ ಎರಡನ್ನು ಟಿಪ್ಸಿನ ಮಾತಿಗಿಂತ ಮೊದಲು ಕಲೀರಿ.

ಸೋಶಿಯಲ್ ವರ್ಕ್ ಮಾಡಿದವರಿಗೆ ನನ್ನ ಸಲಹೆ ಸ್ವಲ್ಪ ಉಲ್ಟಾ. ನಿಮ್ಮ ಕೆಲಸವೇ ಪೂರ್ತಿ ಕತೆ ಕೇಳುದು, ಸೀ ನೋ ಪ್ರಶ್ನೆಯಲ್ಲಿ ಅದು ಆಗುದಿಲ್ಲ. ಹಸಿವಾಗ್ತದಾ, ‘ತಿಯೇನೆ ಆಂಬ್ರೆ?’, ಸಹಾಯ ಬೇಕಾ, ‘ನೆಸೆಸೀತ ಅಯೂದ?’, ಇಷ್ಟರಿಂದ ಕೂರಿಸಿ ನೀರು ಕೊಟ್ಟು ಧೈರ್ಯ ಹೇಳಿ, ಉಳಿದದ್ದು ಇಂಟರ್‌ಪ್ರಿಟರ್ ಬಂದ ಮೇಲೆ.

ರಿಸೆಪ್ಷನ್ ಡೆಸ್ಕಿನವರು ಸ್ಪ್ಯಾನಿಷ್ ಮಾತಾಡುವವರ ಹೆಸರಿನ ವಿಷಯ ಗಮನಿಸಿ. ಅವರಿಗೆ ಸಾಮಾನ್ಯವಾಗಿ ಎರಡು ಸರ್‌ನೇಮ್, ಮೊದಲನೆಯದು ಹೆಚ್ಚಾಗಿ ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಗಾರ್ಸಿಯ ಲೋಪೆಸ್ ಅಂತ ಇದ್ರೆ ಫೈಲನ್ನು ಗಾರ್ಸಿಯದಲ್ಲಿ ಹುಡುಕಿ, ಕೊನೆಯ ಪದ ನೋಡಿ ಲೋಪೆಸ್‌ನಲ್ಲಿ ಹುಡುಕಿದ್ರೆ ಸಿಗ್ಲಿಕ್ಕಿಲ್ಲ. ವಾಯ್ಸ್ ಪ್ರೊಸೆಸ್ ಕೆಲಸಕ್ಕೆ ಈ ಗೈಡ್ ಸಾಲುದಿಲ್ಲ, ಅಲ್ಲಿ ಸಾಮಾನ್ಯವಾಗಿ ಬಿ2 (ಎ1ರಿಂದ ಸಿ2ವರೆಗಿನ ಆರು ಲೆವೆಲ್ಲಲ್ಲಿ ನಾಲ್ಕನೆಯದು) ಅಥವಾ ಮೇಲಿನ ಲೆವೆಲ್ ಕೇಳ್ತಾರೆ, ಸರಿಯಾದ ಕ್ಲಾಸಿಗೆ ಸೇರಿ.

ಸರ್ಟಿಫಿಕೇಟ್ ಬೇಕಿದ್ರೆ ಎರಡು ದಾರಿ. ದೆಲೆ (DELE) ಪರೀಕ್ಷೆ, ಸ್ಪೇನ್ ಸರ್ಕಾರದ ಹೆಸರಲ್ಲಿ ಇನ್‌ಸ್ತಿತೂತೊ ಸೆರ್ಬಾಂತೆಸ್ ಕೊಡುದು, ಎ1ರಿಂದ ಸಿ2ವರೆಗೆ ಒಂದೊಂದು ಲೆವೆಲ್ಲಿಗೆ ಬೇರೆ ಬೇರೆ ಪರೀಕ್ಷೆ, ಪಾಸಾದ್ರೆ ಎಕ್ಸ್‌ಪೈರಿ ಇಲ್ಲ. ಇನ್ನೊಂದು ಸಿಯೆಲೆ (SIELE), ಕಂಪ್ಯೂಟರಲ್ಲಿ ಬರೆಯುದು, ಪಾಸ್ ಫೇಲ್ ಇಲ್ಲ, ನಿಮ್ಮ ಲೆವೆಲ್ ಎಷ್ಟು ಅಂತ ಬರ್ತದೆ, 5 ವರ್ಷ ನಡೀತದೆ. ಇನ್‌ಸ್ತಿತೂತೊದ ಭಾರತದ ಶಾಖೆ ದೆಹಲಿಯಲ್ಲಿ, ಪರೀಕ್ಷೆಯ ಸೆಂಟರ್ ಪಟ್ಟಿ ಅವರ ಸೈಟಲ್ಲೇ ನೋಡಿ ಬುಕ್ ಮಾಡಿ. ಬರೀ ವಾರ್ಡಿಗೆ ಕಲೀತಾ ಇರುವವರು ಈ ದುಡ್ಡು ಈಗ ಖರ್ಚು ಮಾಡುದು ಬೇಡ, ರೆಸ್ಯೂಮೆಯಲ್ಲಿ ಬೇಸಿಕ್ ಸ್ಪ್ಯಾನಿಷ್ ಅಂತಲೇ ಬರೀರಿ, ಫ್ಲುಯೆಂಟ್ ಅಂತ ಬರೆದ್ರೆ ಇಂಟರ್‌ವ್ಯೂನಲ್ಲಿ ಸ್ಪ್ಯಾನಿಷಲ್ಲೇ ಶುರು ಮಾಡ್ತಾರೆ.